ಕಾಗದದ ಜೊತೆ ಮರವನ್ನೂ ಪರೀಕ್ಷಿಸಿ: ಕಸ್ಟಮ್ಸ್ ಮತ್ತು ಅರಣ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಉಷ್ಣವಲಯದ ಮರ ತರಿಸಿಕೊಳ್ಳುವ ದೇಶಗಳ ಕಸ್ಟಮ್ಸ್ ಮತ್ತು ಅರಣ್ಯ ಇಲಾಖೆಗಳ ಅಧಿಕಾರಿಗಳಿಗೆ,

ನಮಸ್ಕಾರ.

ಬಂದರಿಗೆ ಒಂದು ಕಂಟೇನರ್ ಹಲಗೆ ಬರುತ್ತದೆ. ಅದರ ಜೊತೆ ಒಂದು ಕಟ್ಟು ಕಾಗದವೂ ಬರುತ್ತದೆ. ಮರದ ಹೆಸರು, ಕಡಿದ ಕಾಡು, ಪರವಾನಗಿ ನಂಬರು, ಸಾಗಣೆಯ ರಹದಾರಿ, ಎಲ್ಲಕ್ಕೂ ಸೀಲು, ಸಹಿ. ನಿಮ್ಮ ಸಿಬ್ಬಂದಿ ಕಾಗದ ಓದುತ್ತಾರೆ, ಒಂದಕ್ಕೊಂದು ತಾಳೆ ಹಾಕುತ್ತಾರೆ. ಹೊಂದಿದರೆ ಮಾಲು ಹೊರಗೆ. ಹಲಗೆಯ ತಂಟೆಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ.

ನಾನು ಕೇಳುವುದು ಇಷ್ಟೇ. ಹಲಗೆಯನ್ನೂ ಪರೀಕ್ಷೆ ಮಾಡಿಸಿ. ಅದಕ್ಕೆ ಬೇಕಾದ ಯಂತ್ರಗಳು ಎಷ್ಟೋ ಲ್ಯಾಬುಗಳಲ್ಲಿ ಈಗಾಗಲೇ ಓಡುತ್ತಿವೆ. ಕೊರತೆ ಇರುವುದು ಹೋಲಿಸಿ ನೋಡಲು ಬೇಕಾದ ಮಾದರಿ ಮರಗಳದ್ದು. ಇದು ಇಂಥ ಜಾಗದ ಇಂಥ ಮರ ಎಂದು ಖಾತ್ರಿಯಾಗಿ ಗೊತ್ತಿರುವ ತುಂಡುಗಳು ಕೈಯಲ್ಲಿಲ್ಲದಿದ್ದರೆ ಎಂಥ ಯಂತ್ರವಾದರೂ ಸುಮ್ನೆ ಅಂಕಿ ಉಗುಳುತ್ತದೆ ಅಷ್ಟೇ. ನಿಮ್ಮ ದುಡ್ಡು ಆ ಸಂಗ್ರಹಕ್ಕೆ ಹೋಗಲಿ.

ಕಾಗದದ ಮೇಲೆ ಯಾಕಿಷ್ಟು ಅನುಮಾನ ಅಂತೀರಾ? 2012ರಲ್ಲಿ ಇಂಟರ್‌ಪೋಲ್ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಒಂದು ವರದಿ ಹೊರತಂದವು. ಜಗತ್ತಿನ ಮರದ ವ್ಯಾಪಾರದಲ್ಲಿ ಶೇ 15ರಿಂದ 30ರಷ್ಟು ಅಕ್ರಮ ಎನ್ನುವುದು ಅದರ ಅಂದಾಜು. ಉಷ್ಣವಲಯದ ಮುಖ್ಯ ಮರ ಉತ್ಪಾದಕ ದೇಶಗಳಲ್ಲಿ ಅದು ಶೇ 50ರಿಂದ 90. ಅಂದಾಜು ಎಷ್ಟು ಅಗಲ ನೋಡಿ. ಕಳ್ಳಮಾಲಿಗೆ ಯಾರೂ ಲೆಕ್ಕ ಬರೆದಿಡುವುದಿಲ್ಲವಲ್ಲ. ಕೆಳಗಿನ ಅಂಕಿಯನ್ನೇ ಹಿಡಿದರೂ ಇದು ಸಣ್ಣ ವ್ಯವಹಾರ ಅಲ್ಲ. ಈ ಮಾಲೆಲ್ಲ ರಾತ್ರೋರಾತ್ರಿ ಕದ್ದು ಬರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಮಾಲು ಹಾಡಹಗಲೇ, ನಿಮ್ಮ ಕೌಂಟರಿನ ಮುಂದೆಯೇ, ಅಚ್ಚುಕಟ್ಟಾದ ದಾಖಲೆ ಹಿಡಿದು ಬರುತ್ತದೆ.

ಬ್ರೆಜಿಲ್‌ನ ಇಪೆ ಮರವನ್ನೇ ತೆಗೆದುಕೊಳ್ಳಿ. ಮಳೆ, ಬಿಸಿಲು, ಹುಳ ಯಾವುದಕ್ಕೂ ಜಗ್ಗದ ಮರ. ಮನೆಯ ಹೊರಗೆ ನೆಲಕ್ಕೆ ಹಾಸಲು, ಕಡಲ ದಂಡೆಯ ಕಾಲುದಾರಿಗೆ ಹಾಸಲು ಇದಕ್ಕೆ ಭಾರಿ ಬೇಡಿಕೆ. ಪಾರಾ ರಾಜ್ಯದ ಕಡಿತದ ಪರವಾನಗಿಗಳನ್ನು ತೆಗೆದು ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಡಿಯುವ ಮುಂಚೆ ಕಾಡಿನಲ್ಲಿರುವ ಮರಗಳ ಎಣಿಕೆ ಪಟ್ಟಿ ಕೊಡಬೇಕಲ್ಲ, ಅದರಲ್ಲಿ ಬರೆದ ಇಪೆಯ ಪ್ರಮಾಣ ಅಂಥ ಕಾಡಿನಲ್ಲಿ ಇರಬಹುದಾದ್ದಕ್ಕಿಂತ ಜಾಸ್ತಿ ಇತ್ತು. ಬೇರೆ ಜಾತಿಯ ಮರವನ್ನು ಇಪೆ ಎಂದು ಬರೆಯುವುದು, ಇಲ್ಲದ ಮರವನ್ನು ಇದೆ ಎಂದು ಬರೆಯುವುದು, ಇದೇ ಕಸುಬು.

ಇದರಿಂದ ಏನು ಲಾಭ? ಕಾಗದದಲ್ಲಿ ಮಾತ್ರ ಇರುವ ಆ ಮರದ ಹೆಸರಿಗೂ ಸಾಗಣೆಯ ಅನುಮತಿ ಸಿಗುತ್ತದೆ. ಆ ಅನುಮತಿ ಹಿಡಿದು ಬೇರೆಲ್ಲೋ ಕಡಿದ ನಿಜವಾದ ಇಪೆ ಸಾಗುತ್ತದೆ. ಅದು ಮೂಲನಿವಾಸಿಗಳ ಕಾಡಿನದ್ದಿರಬಹುದು, ರಕ್ಷಿತಾರಣ್ಯದ್ದಿರಬಹುದು. ನಿಮ್ಮ ಕೈಗೆ ಬರುವ ಕಾಗದ ನಕಲಿ ಅಲ್ಲ ಸ್ವಾಮಿ, ಸರ್ಕಾರವೇ ಕೊಟ್ಟ ಅಸಲಿ ಕಾಗದ. ಸುಳ್ಳು ಸೇರಿಕೊಂಡದ್ದು ಅದರ ಹುಟ್ಟಿನಲ್ಲೇ. ಭೂತಗನ್ನಡಿ ಹಿಡಿದು ನೋಡಿದರೂ ಅದು ಕಾಣುವುದಿಲ್ಲ. 2024ರ ನವೆಂಬರ್‌ನಿಂದ ಇಪೆ, ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ, ಅಂದರೆ ಅನುಮತಿ ಪತ್ರವಿದ್ದರೆ ಮಾರಬಹುದಾದವುಗಳ ಪಟ್ಟಿಗೆ ಬಂದಿದೆ. ಒಳ್ಳೆಯದೇ. ಆದರೆ ಅದರಿಂದ ಬರುವುದೂ ಇನ್ನೊಂದು ಕಾಗದವೇ.

ಗಬಾನ್‌ನಲ್ಲಿ 2019ರಲ್ಲಿ ಆದದ್ದು ಇನ್ನೂ ನೇರ. ಓವೆಂಡೊ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಕೆವಜಿಂಗೊ ಎಂಬ ದುಬಾರಿ ಮರದ 300ಕ್ಕೂ ಹೆಚ್ಚು ಕಂಟೇನರುಗಳು ಮಾಯವಾದವು. ಆ ಗದ್ದಲದಲ್ಲಿ ಅರಣ್ಯ ಸಚಿವರ ಕುರ್ಚಿಯೂ ಹೋಯಿತು, ದೇಶದ ಉಪಾಧ್ಯಕ್ಷರದ್ದೂ ಹೋಯಿತು. ಜಪ್ತಿಯಾದ ಮಾಲೇ ನಿಂತ ಜಾಗದಲ್ಲಿ ನಿಲ್ಲದಿದ್ದರೆ ಬರೀ ಸೀಲನ್ನು ನಂಬಿ ಕೂರುವುದು ಹೇಗೆ?

ಇನ್ನು ಮರದ ಮೇಲಿನ ಗುರುತು. ದಿಮ್ಮಿಗೆ ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಾರೆ, ಬಣ್ಣದಲ್ಲಿ ನಂಬರು ಬರೆಯುತ್ತಾರೆ, ಈಗೀಗ ಬಾರ್‌ಕೋಡ್ ಚೀಟಿಯನ್ನೂ ಹಾಕುತ್ತಾರೆ. ಸಾಮಿಲ್ಲಿನಲ್ಲಿ ಗರಗಸಕ್ಕೆ ಕೊಟ್ಟ ಮೇಲೆ ಅದೆಲ್ಲ ಹೊಟ್ಟಿನ ಜೊತೆ ಹೋಯಿತು. ಹತ್ತು ಕಾಡಿನ ಮರವನ್ನು ಒಂದೇ ಅಂಗಳದಲ್ಲಿ ಹಲಗೆ ಮಾಡಿ ಪೇರಿಸಿದರೆ ಯಾವುದು ಎಲ್ಲಿಯದು ಅಂತ ಅಲ್ಲಿ ಕೆಲಸ ಮಾಡುವವರಿಗೂ ಗೊತ್ತಾಗುವುದಿಲ್ಲ. ಗರಗಸಕ್ಕೆ ಸಿಕ್ಕಿದರೂ ಉಳಿಯುವ ಗುರುತು ಬೇಕು ಅಂದರೆ ಅದು ಮರದ ಮೈಯೊಳಗೇ ಇರಬೇಕು.

ಅಂಥದ್ದು ಇದೆ, ಅದೂ ಒಂದಲ್ಲ. ಮಳೆಯಿಂದ ಶುರು ಮಾಡೋಣ. ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚುಕಡಿಮೆ ಐನೂರಕ್ಕೆ ಒಂದು ಸ್ವಲ್ಪ ಭಾರದ್ದು, ಅದನ್ನು ಆಮ್ಲಜನಕ-18 ಎನ್ನುತ್ತಾರೆ. ಕಡಲಿನಿಂದ ಎದ್ದ ಮೋಡ ಒಳನಾಡಿಗೆ ಸಾಗುತ್ತ ಮಳೆ ಸುರಿಸುವಾಗ ಭಾರದ ನೀರು ಮೊದಲು ಇಳಿಯುವುದು ಜಾಸ್ತಿ. ಹಾಗಾಗಿ ಕರಾವಳಿಯ ಮಳೆಗೂ ಒಳನಾಡಿನ ಮಳೆಗೂ, ತಪ್ಪಲಿನ ಮಳೆಗೂ ಬೆಟ್ಟದ ಮೇಲಿನ ಮಳೆಗೂ ಕೂದಲೆಳೆಯಷ್ಟು ವ್ಯತ್ಯಾಸ. ಅದೇ ನೀರು ಕುಡಿದು ಬೆಳೆದ ಮರದ ಸೆಲ್ಯುಲೋಸ್‌ನಲ್ಲಿ ಆ ವ್ಯತ್ಯಾಸ ಕೂತುಬಿಡುತ್ತದೆ. ಜಲಜನಕ, ಇಂಗಾಲ, ಸಾರಜನಕ, ಗಂಧಕಗಳಲ್ಲೂ ಇಂಥ ಭಾರದ ಮತ್ತು ಹಗುರದ ಜೋಡಿಗಳಿವೆ. ಇವನ್ನೇ ಐಸೊಟೋಪ್ ಎನ್ನುವುದು.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಸ್ಟ್ರಾನ್ಷಿಯಂ ಎಂಬ ಲೋಹ. ಇದರ ಕಥೆ ಬಂಡೆಯ ವಯಸ್ಸಿನದು. ಬಂಡೆಯೊಳಗಿನ ರುಬಿಡಿಯಂ-87 ಮೆಲ್ಲಗೆ ಸ್ಟ್ರಾನ್ಷಿಯಂ-87 ಆಗುತ್ತ ಹೋಗುತ್ತದೆ. ಎಷ್ಟು ಮೆಲ್ಲಗೆ ಅಂದರೆ ಅರ್ಧದಷ್ಟು ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಭೂಮಿಗೇ ಅಷ್ಟು ವಯಸ್ಸಾಗಿಲ್ಲ! ಆದರೂ ಹಳೆಯ ಗ್ರಾನೈಟಿನಲ್ಲಿ ಅದು ಸಾಕಷ್ಟು ಕೂಡಿಕೊಂಡಿರುತ್ತದೆ. ನಿನ್ನೆ ಮೊನ್ನೆಯ ಜ್ವಾಲಾಮುಖಿ ಬಂಡೆಯಲ್ಲಿ ಕಡಿಮೆ. ಸ್ಟ್ರಾನ್ಷಿಯಂ-87 ಮತ್ತು 86ರ ಅನುಪಾತ ಎಳೆಯ ಜ್ವಾಲಾಮುಖಿ ಬಂಡೆಯಲ್ಲಿ 0.703, 0.704ರ ಆಸುಪಾಸಿನಲ್ಲಿ, ಸಮುದ್ರದ ನೀರಿನಲ್ಲಿ 0.709, ತೀರಾ ಹಳೆಯ ಗ್ರಾನೈಟಿನಲ್ಲಿ 0.720ನ್ನೂ ದಾಟುತ್ತದೆ. ಮರಕ್ಕೆ ಸ್ಟ್ರಾನ್ಷಿಯಂ ಬೇಕಿಲ್ಲ. ಅದು ಕ್ಯಾಲ್ಸಿಯಂ ಥರ ಕಾಣುವುದರಿಂದ ಬೇರು ಅದನ್ನೂ ಎಳೆದುಕೊಳ್ಳುತ್ತದೆ. ಕ್ಯಾಮರೂನ್ ಬೆಟ್ಟದ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದ ಮರವೂ ಅದೇ ದೇಶದ ದಕ್ಷಿಣದ ಹಳೆಯ ಬಂಡೆಯ ಮೇಲೆ ಬೆಳೆದ ಮರವೂ ಹೊರಗಿನಿಂದ ಒಂದೇ ಥರ ಕಾಣಬಹುದು, ಒಳಗಿನ ಲೆಕ್ಕ ಬೇರೆ ಇರುತ್ತದೆ.

ಮೂರನೆಯದು ಹತ್ತಾರು ಮೂಲವಸ್ತುಗಳನ್ನು ಒಟ್ಟಿಗೆ ಅಳೆಯುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್, ಬೇರಿಯಂ, ರುಬಿಡಿಯಂ, ಅಪರೂಪದ ಲೋಹಗಳು, ಹೀಗೆ. ಒಂದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲವನ್ನೂ ಸೇರಿಸಿ ನೋಡಿದರೆ ಒಂದು ವಿನ್ಯಾಸ ಕಾಣುತ್ತದೆ. ನೆದರ್‌ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು ಈ ದಾರಿಯಲ್ಲಿ ಗಟ್ಟಿ ಕೆಲಸ ಮಾಡಿದ್ದಾರೆ. ಮಧ್ಯ ಆಫ್ರಿಕಾದ ಅಜೊಬೆ ಮತ್ತು ಟಾಲಿ, ಬೋರ್ನಿಯೊದ ಕೆಂಪು ಮೆರಾಂಟಿ ಇವರು ಆರಿಸಿಕೊಂಡ ಮರಗಳು. ಅಜೊಬೆ ನೀರಿನಲ್ಲಿ ಮುಳುಗುವಷ್ಟು ಭಾರದ ಮರ. ಡಚ್ಚರು ತಮ್ಮ ಕಾಲುವೆಯ ತೂಬಿನ ಬಾಗಿಲಿಗೆ, ನೀರಿನೊಳಗೆ ಊರುವ ಕಂಬಗಳಿಗೆ ಇದನ್ನೇ ಬಳಸುತ್ತ ಬಂದವರು. ತಾವು ತರಿಸುವ ಮರ ಎಲ್ಲಿಯದು ಎಂದು ತಿಳಿಯುವ ಗರಜು ಅವರಿಗೇ ಇದೆ. ಅಜೊಬೆಯ ಒಳಗಿನ ಮೂಲವಸ್ತುಗಳ ಪ್ರಮಾಣಕ್ಕೂ ಅದು ನಿಂತ ಮಣ್ಣಿನ ಜೇಡಿಯಂಶ, ಸಾವಯವ ಅಂಶಕ್ಕೂ ನಂಟಿದೆ ಎಂದು 2022ರಲ್ಲಿ ಅವರು ತೋರಿಸಿದರು. ಮರುವರ್ಷ ಆಫ್ರಿಕಾ ಮತ್ತು ಬೋರ್ನಿಯೊ ಎರಡೂ ಕಡೆಯ ಮರಗಳ ಮೇಲೆ ಈ ವಿಧಾನ ಹಚ್ಚಿ, ಮೂಲ ಪತ್ತೆಗೆ ಇದು ಒದಗುತ್ತದೆ ಎಂದು ಪ್ರಕಟಿಸಿದರು.

ಲ್ಯಾಬಿನಲ್ಲಿ ನಡೆಯುವ ಕೆಲಸದಲ್ಲಿ ಮಾಯಮಂತ್ರ ಏನೂ ಇಲ್ಲ. ಹಲಗೆಯ ಮೇಲ್ಮೈ ಕೆರೆದು ಎಸೆಯುತ್ತಾರೆ. ಅಲ್ಲಿ ದೂಳು, ಬಣ್ಣ, ಕೈಬೆವರು ಎಲ್ಲ ಇರುತ್ತದೆ. ಒಳಗಿನ ಚೇಗಿನಿಂದ, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗದಿಂದ, ಚೂರು ತೆಗೆಯುತ್ತಾರೆ, ಒಣಗಿಸಿ ಪುಡಿ ಮಾಡುತ್ತಾರೆ. ಇಲ್ಲೇ ಮೊದಲ ಎಚ್ಚರ ಬೇಕು. ಬೈರಿಗೆಯ ಉಕ್ಕಿನಿಂದಲೇ ಕಬ್ಬಿಣ, ಕ್ರೋಮಿಯಂ ಪುಡಿಗೆ ಸೇರಿಕೊಂಡರೆ ಮರದ ಬದಲು ಬೈರಿಗೆಯ ಮೂಲ ಹುಡುಕಿದಂತಾಗುತ್ತದೆ. ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಬಿಸಿ ಮಾಡಿ ಪೂರ್ತಿ ಕರಗಿಸುತ್ತಾರೆ. ಗಟ್ಟಿಮರ ಹೋಗಿ ತಿಳಿನೀರಾಗುತ್ತದೆ. ಆ ನೀರನ್ನು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಗೆ ತುಂತುರಾಗಿ ಬಿಟ್ಟರೆ ಪರಮಾಣುಗಳು ಬಿಡಿಬಿಡಿಯಾಗಿ ವಿದ್ಯುದಂಶ ಪಡೆಯುತ್ತವೆ. ಯಂತ್ರ ಅವನ್ನು ತೂಕದ ಮೇಲೆ ವಿಂಗಡಿಸಿ ಎಣಿಸುತ್ತದೆ. ನೂರು ಕೋಟಿಯಲ್ಲಿ ಒಂದು ಪಾಲು ಇದ್ದರೂ ಸಿಕ್ಕಿಬೀಳುತ್ತದೆ. ಕುಡಿಯುವ ನೀರು, ಗಣಿ ಮಣ್ಣು, ಔಷಧಿಯ ಪರೀಕ್ಷೆಗೂ ಇದೇ ಯಂತ್ರ ಬಳಸುತ್ತಾರೆ. ಹಾಗಾಗಿ ಯಂತ್ರ ಇಲ್ಲ ಎನ್ನುವ ಸಬೂಬು ಹೆಚ್ಚು ದೂರ ನಡೆಯುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಪರೀಕ್ಷೆ ಇದೆ. ಇದಕ್ಕೆ ಪುಡಿಯೂ ಬೇಡ, ಆಮ್ಲವೂ ಬೇಡ. ಮರದ ಒಂದು ಸಿಬಿರನ್ನು ಚಿಮಟದಲ್ಲಿ ಹಿಡಿದು ಬಿಸಿ ಹೀಲಿಯಂ ಬರುವ ಬಾಯಿಗೆ ಒಡ್ಡಿದರೆ ಸಾಕು, ಮರದೊಳಗಿನ ಎಣ್ಣೆ, ರಾಳದಂಥ ಸಂಯುಕ್ತಗಳ ಪಟ್ಟಿ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಅಮೆರಿಕದ ಆರೆಗಾನ್ ರಾಜ್ಯದ ಆಶ್‌ಲ್ಯಾಂಡ್‌ನಲ್ಲಿರುವ ಸರ್ಕಾರಿ ವನ್ಯಜೀವಿ ವಿಧಿವಿಜ್ಞಾನ ಪ್ರಯೋಗಾಲಯ ಇದರಲ್ಲಿ ಹೆಸರುವಾಸಿ. ಬೀಟೆ ಮರದ ಬಳಗದಲ್ಲಿ ಯಾವ ಜಾತಿ ಎಂದು ಬೇರೆ ಮಾಡಲು ಇದು ಬಹಳ ಉಪಯೋಗ. ಆ ಇಡೀ ಬಳಗವೇ 2017ರ ಜನವರಿಯಿಂದ ಸೈಟಿಸ್ ಪಟ್ಟಿಯಲ್ಲಿದೆ, ಬ್ರೆಜಿಲ್‌ನ ಬೀಟೆಯಂತೂ 1992ರಿಂದಲೇ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಆದರೆ ಯಾವ ಜಾತಿ ಎನ್ನುವ ಪ್ರಶ್ನೆ ಬೇರೆ, ಎಲ್ಲಿಯ ಮರ ಎನ್ನುವ ಪ್ರಶ್ನೆ ಬೇರೆ. ನಿಮ್ಮ ಆದೇಶಗಳಲ್ಲಿ ಇವೆರಡೂ ಕಲಸಿಹೋಗದಿರಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕಲ್ವಾ. ಲ್ಯಾಬ್ ಮಾರುವವರು ಇದನ್ನು ಹೇಳಲಿಕ್ಕಿಲ್ಲ. ಟಾಲಿ ಮರದ ಮೇಲೆ 2018ರಲ್ಲಿ ಒಂದು ಅಧ್ಯಯನ ಬಂತು. ಮರದ ವಂಶವಾಹಿ ನೋಡಿ ಯಾವ ಪ್ರದೇಶದ್ದು ಎಂದು ಹೇಳಲು ಬಂತು, ಐಸೊಟೋಪ್ ನೋಡಿ ಹೇಳಲು ಬರಲಿಲ್ಲ. ದೇಶದೊಳಗಿನ ಸಣ್ಣ ಪ್ರದೇಶಗಳನ್ನು ಬೇರ್ಪಡಿಸಲು ಮಧ್ಯ ಆಫ್ರಿಕಾದಲ್ಲಿ ಐಸೊಟೋಪ್‌ನಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಆಮೇಲಿನ ಕೆಲಸವೂ ಹೇಳಿತು. ಯಾಕೆ ಎನ್ನುವುದು ಊಹೆಗೆ ಸಿಗದ ಮಾತಲ್ಲ. ಮಳೆಯ ಲೆಕ್ಕ ಚೆನ್ನಾಗಿ ಬದಲಾಗುವುದು ಚಳಿ ಪ್ರದೇಶಗಳಲ್ಲಿ, ಬೆಟ್ಟಗುಡ್ಡಗಳಲ್ಲಿ. ವಿಶಾಲವಾದ ಸಮತಟ್ಟು ಮಳೆಕಾಡಿನಲ್ಲಿ ಮರಗಳೇ ಬಿಟ್ಟ ನೀರಾವಿ ಮತ್ತೆ ಮಳೆಯಾಗಿ ಸುರಿಯುವುದರಿಂದ ನೂರಾರು ಕಿಲೋಮೀಟರ್ ಹೋದರೂ ಲೆಕ್ಕ ಅಷ್ಟಾಗಿ ಬದಲಾಗುವುದಿಲ್ಲ. ಮೂಲವಸ್ತುಗಳ ಪರೀಕ್ಷೆಗೆ ಬೇರೆ ತೊಡಕುಗಳಿವೆ. ಒಂದೇ ಮರದ ಚೇಗಿಗೂ ಹೊರಗಿನ ಬಿಳಿ ಭಾಗಕ್ಕೂ ಪ್ರಮಾಣ ಬೇರೆ. ಉಪ್ಪುನೀರಿನಲ್ಲಿ ನೆನೆದ ದಿಮ್ಮಿ, ಹುಳ ಹಿಡಿಯದಂತೆ ಔಷಧಿ ಕುಡಿಸಿದ ಹಲಗೆ ದಾರಿ ತಪ್ಪಿಸಬಹುದು. ಪ್ಲೈವುಡ್ಡಿನಲ್ಲಿ ನಾಲ್ಕಾರು ಮರದ ಪದರ ಮತ್ತು ಅಂಟು ಬೇರೆ. ವಂಶವಾಹಿ ಪರೀಕ್ಷೆಯೇ ಸಾಕಲ್ಲ ಎಂದರೆ, ಒಣಗಿದ ಚೇಗಿನಲ್ಲಿ ಡಿಎನ್‌ಎ ಉಳಿಯುವುದೇ ಕಡಿಮೆ, ಉಳಿದದ್ದೂ ಚೂರುಚೂರು. ಒಂದನ್ನೇ ನೆಚ್ಚಿಕೊಳ್ಳದೆ ಮರ ನೋಡಿ ಪರೀಕ್ಷೆ ಆರಿಸಬೇಕು, ಆದಷ್ಟು ಎರಡು ಮೂರನ್ನು ಜೋಡಿಸಬೇಕು.

ಇನ್ನೊಂದು ವಿಷಯ ನಿಮ್ಮ ವಕೀಲರಿಗೆ ಮೊದಲೇ ಗೊತ್ತಿರಲಿ. ಕಾನೂನಿನ ಗಡಿ ರಸಾಯನಶಾಸ್ತ್ರಕ್ಕೆ ಕಾಣುವುದಿಲ್ಲ. ಬೇಲಿಯ ಈಚೆ ಅನುಮತಿ ಇದೆ, ಆಚೆ ಇಲ್ಲ ಅಂದರೆ ಎರಡೂ ಕಡೆಯ ಮಣ್ಣು ಒಂದೇ. ಹಾಗಾಗಿ ಈ ಪರೀಕ್ಷೆಯಿಂದ ಕೇಳಬೇಕಾದ ಪ್ರಶ್ನೆ ‘ಈ ಮರ ಸಕ್ರಮವೋ ಅಕ್ರಮವೋ’ ಅಲ್ಲ. ‘ಈ ಮರ ಎಲ್ಲಿಯದು’ ಎಂದು ಕೇಳಿದರೂ ಪೂರ್ತಿ ಉತ್ತರ ಸಿಗುವುದು ಕಷ್ಟ. ‘ಕಾಗದದಲ್ಲಿ ಬರೆದ ಜಾಗದಿಂದ ಇದು ಬಂದಿರಲು ಸಾಧ್ಯವೋ’ ಎಂದು ಕೇಳಿ. ಅಲ್ಲಿಂದ ಬಂದಿಲ್ಲ ಎಂದು ಹೇಳುವುದು ಇಲ್ಲಿಂದಲೇ ಬಂದಿದೆ ಎಂದು ಬೆರಳಿಟ್ಟು ತೋರಿಸುವುದಕ್ಕಿಂತ ಎಷ್ಟೋ ಸುಲಭ. ನಿಮ್ಮ ಕೆಲಸಕ್ಕೂ ಅಷ್ಟು ಸಾಕು. ಆಮದುದಾರ ಒಂದು ಜಾಗ ಬರೆದುಕೊಟ್ಟಿದ್ದಾನೆ, ಮರ ಆ ಜಾಗಕ್ಕೆ ಹೊಂದುತ್ತಿಲ್ಲ. ಹಾಗಾದರೆ ಎಲ್ಲಿಯದು ಎಂದು ಹೇಳುವ ಹೊರೆ ಇನ್ನು ಅವನದ್ದು.

ಆದರೆ ‘ಹೊಂದುತ್ತಿಲ್ಲ’ ಎಂದು ಹೇಳಲು ಆ ಜಾಗದ ಮರ ಹೇಗಿರುತ್ತದೆ ಎಂದು ಗೊತ್ತಿರಬೇಕು. ನಾನು ಮೊದಲೇ ಹೇಳಿದ ಕೊರತೆ ಇದು. ಮಾದರಿ ತರುವುದು ಎಂದರೆ ಒಬ್ಬರು ಕಾಡಿಗೇ ಹೋಗಬೇಕು. ಜಾತಿ ಗುರುತಿಸುವವರು ಜೊತೆಗಿರಬೇಕು. ಮರ ನಿಂತ ಜಾಗವನ್ನು ಜಿಪಿಎಸ್‌ನಲ್ಲಿ ಬರೆದುಕೊಳ್ಳಬೇಕು, ಚೇಗಿನವರೆಗೂ ಕೊರೆದು ತುಂಡು ತೆಗೆಯಬೇಕು, ಎಲೆ ಸಿಕ್ಕಿದರೆ ಅದನ್ನೂ ಒಣಗಿಸಿ ಇಡಬೇಕು. ಎತ್ತರದ ಮರದ ಎಲೆ ಕೈಗೆಟಕುವುದೇ ಒಂದು ಸಾಹಸ. ಒಂದೇ ಮರ ಸಾಲದು, ಒಂದು ಜಾಗದಿಂದ ಹಲವು, ಅಂಥ ಜಾಗಗಳು ನೂರಾರು. ವರ್ಲ್ಡ್ ಫಾರೆಸ್ಟ್ ಐಡಿ ಎಂಬ ಸಂಸ್ಥೆ ಇದನ್ನೇ ಮಾಡುತ್ತಿದೆ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಂಥ ಕಡೆಗಳ ತಜ್ಞರು ಅದರೊಂದಿಗೆ ಕೈಜೋಡಿಸಿದ್ದಾರೆ. ಜರ್ಮನಿಯ ಥ್ಯೂನೆನ್ ಸಂಸ್ಥೆ 2013ರಿಂದ ಮರದ ಮೂಲ ಪತ್ತೆಗೆಂದೇ ಒಂದು ಕೇಂದ್ರ ನಡೆಸುತ್ತಿದೆ. ಉಕ್ರೇನ್ ಯುದ್ಧದ ನಂತರ ನಿಷೇಧಕ್ಕೊಳಗಾದ ರಷ್ಯಾದ ಮರ ಬೇರೆ ದೇಶದ ಹೆಸರಿನಲ್ಲಿ ನುಸುಳುವುದನ್ನು ಹಿಡಿಯಲು ಪೂರ್ವ ಯುರೋಪಿನ ಮಾದರಿಗಳನ್ನು ಜೋಡಿಸಿದ ಕೆಲಸ 2024ರಲ್ಲಿ ಪ್ರಕಟವಾಯಿತು. ರಾಜಕೀಯದ ಒತ್ತಡ ಬಿದ್ದರೆ ಎರಡೇ ವರ್ಷದಲ್ಲಿ ಆಗುವ ಕೆಲಸ ಇದು. ಉಷ್ಣವಲಯದ ಕಾಡಿಗೆ ಮಾತ್ರ ಆ ಅವಸರ ಯಾರಿಗೂ ಕಾಣುತ್ತಿಲ್ಲ.

ಕಾನೂನು ಇಲ್ಲ ಎನ್ನುವಂತಿಲ್ಲ. ಅಕ್ರಮವಾಗಿ ಹಿಡಿದ ವನ್ಯಜೀವಿಗಳ ವ್ಯಾಪಾರ ತಡೆಯುವ ಅಮೆರಿಕದ 1900ರ ಲೇಸಿ ಕಾಯ್ದೆಗೆ 2008ರಲ್ಲಿ ಮರವೂ ಸೇರಿತು. 2015ರಲ್ಲಿ ಅಲ್ಲಿನ ಒಂದು ದೊಡ್ಡ ನೆಲಹಾಸು ಕಂಪನಿ ಮರದ ಮೂಲದ ಬಗ್ಗೆ ಸುಳ್ಳು ಬರೆದದ್ದನ್ನು ಒಪ್ಪಿಕೊಂಡು 1.3 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. ಯುರೋಪಿನ ಮರದ ನಿಯಮ 2013ರಲ್ಲಿ ಜಾರಿಗೆ ಬಂತು. ಅದರ ಜಾಗಕ್ಕೆ ಬಂದ 2023ರ ಅರಣ್ಯನಾಶ ತಡೆ ಕಾನೂನು ಇನ್ನೂ ಮುಂದೆ ಹೋಗಿ, ಮರ ಕಡಿದ ಜಾಗದ ಅಕ್ಷಾಂಶ ರೇಖಾಂಶವನ್ನೇ ಕೊಡಿ ಎನ್ನುತ್ತದೆ. ಅಧಿಕಾರಿಗಳು ಅಂಗರಚನೆ, ರಾಸಾಯನಿಕ, ಡಿಎನ್‌ಎ ಪರೀಕ್ಷೆ ಬಳಸಬಹುದು ಎಂದು ಅದರಲ್ಲೇ ಬರೆದಿದೆ. ಜಾರಿ ದಿನಾಂಕ ಒಂದಲ್ಲ ಎರಡು ಸಲ ಮುಂದಕ್ಕೆ ಹೋಯಿತು, ಆ ಮಾತು ಬೇರೆ. ನನಗಿರುವ ಚಿಂತೆ ಇನ್ನೊಂದು. ಅಕ್ಷಾಂಶ ರೇಖಾಂಶವೂ ಕೊನೆಗೆ ಒಂದು ಅಂಕಿಯೇ. ಕಾಡು ಹಸಿರಾಗಿರುವ ಯಾವುದೋ ಜಾಗದ ಅಂಕಿಯನ್ನು ಟೈಪ್ ಮಾಡಲು ಎಷ್ಟು ಹೊತ್ತು? ಉಪಗ್ರಹದ ಚಿತ್ರ ತೆಗೆದರೆ ಅಲ್ಲಿ ಮರ ನಿಂತಿರುತ್ತದೆ, ಎಲ್ಲ ಸರಿ ಎಂದು ಮಾಲು ಬಿಡುತ್ತೀರಿ. ಕಂಟೇನರಿನಲ್ಲಿರುವ ಮರಕ್ಕೂ ಆ ಅಂಕಿಗೂ ನಂಟಿದೆಯೇ ಎಂದು ಹೇಳಬಲ್ಲದ್ದು ಹಲಗೆಯೊಂದೇ.

ಖರ್ಚು ಯಾರದ್ದು ಎಂದು ಕೇಳುತ್ತೀರಿ, ನ್ಯಾಯವೇ. ಪ್ರತಿ ಹಲಗೆಯನ್ನೂ ಪರೀಕ್ಷಿಸಿ ಎಂದು ಯಾರೂ ಹೇಳುತ್ತಿಲ್ಲ. ಯಾವ ಮಾಲನ್ನು ಯಾವಾಗ ಹಿಡಿಯುತ್ತಾರೋ ಎಂಬ ಅಳುಕು ಇದ್ದರೆ ಸಾಕು. ಅನುಮಾನ ಬಂದ ಮಾಲಿನ ಪರೀಕ್ಷೆಯ ಖರ್ಚನ್ನು ಆಮದುದಾರನೇ ಕೊಡಲಿ. ಸಂಗ್ರಹದ ಖರ್ಚು ಮಾತ್ರ ಸರ್ಕಾರಗಳದ್ದೇ ಆಗಬೇಕು. ಅದು ಖಾಸಗಿಯವರ ಬೀಗದಲ್ಲಿ ಸಿಕ್ಕಿಕೊಂಡರೆ ನ್ಯಾಯಾಲಯದಲ್ಲಿ ಎದುರಿನವರು ಅದನ್ನು ಪರಿಶೀಲಿಸಲು ಆಗುವುದಿಲ್ಲ, ಕೇಸು ಹಳ್ಳ ಹಿಡಿಯುತ್ತದೆ. ಹಾಗಂತ ಎಲ್ಲವನ್ನೂ ಜಗಜ್ಜಾಹೀರು ಮಾಡುವಂತೆಯೂ ಇಲ್ಲ. ಅಪರೂಪದ ಮರ ಎಲ್ಲಿ ನಿಂತಿದೆ ಎಂಬ ನಿಖರ ಜಾಗ ಬಹಿರಂಗವಾದರೆ ಮೊದಲು ಓದುವವನು ಕಳ್ಳನೇ. ರಾಸಾಯನಿಕ ಅಂಕಿಗಳು ತೆರೆದಿರಲಿ, ನಿಖರ ಜಾಗವನ್ನು ಕೇಳಿದವರ ಹಿನ್ನೆಲೆ ನೋಡಿ ಕೊಡುವ ಏರ್ಪಾಡು ಇರಲಿ.

ಮಾದರಿ ತೆಗೆಯುವ ಕಾಡು ನಿಮ್ಮದಲ್ಲ ಎನ್ನುವುದನ್ನೂ ಮರೆಯಬೇಡಿ. ಕ್ಯಾಮರೂನ್, ಗಬಾನ್, ಕಾಂಗೊ, ಇಂಡೊನೇಷ್ಯಾ, ಬ್ರೆಜಿಲ್‌ನವರ ಕಣ್ಣಿನಲ್ಲಿ ಇದು ಹೊರಗಿನವರು ಬಂದು ತಮ್ಮ ಮರ ಕೊರೆದುಕೊಂಡು ಹೋಗಿ, ಆಮೇಲೆ ತಮ್ಮ ಮೇಲೇ ಕೇಸು ಹಾಕುವ ಆಟದಂತೆ ಕಂಡರೆ ತಪ್ಪೇನು? ಜೈವಿಕ ಸಂಪನ್ಮೂಲ ಹಂಚಿಕೆಯ ನಗೋಯಾ ಒಪ್ಪಂದ 2014ರಿಂದ ಜಾರಿಯಲ್ಲಿದೆ, ಅದನ್ನು ಪಾಲಿಸಿ. ಸಾಧ್ಯವಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸಂಗ್ರಹದ ಒಂದು ಪ್ರತಿ ಆ ದೇಶದಲ್ಲೇ ಇರಲಿ, ಪರೀಕ್ಷೆ ಮಾಡುವ ಲ್ಯಾಬು ಅಲ್ಲೇ ಬೆಳೆಯಲಿ, ಅಲ್ಲಿನವರಿಗೇ ತರಬೇತಿ ಸಿಗಲಿ. ಮರ ಹಡಗು ಹತ್ತುವ ಮುಂಚೆಯೇ ಸಿಕ್ಕಿಬಿದ್ದರೆ ಎಲ್ಲರಿಗೂ ಖರ್ಚು ಕಡಿಮೆ. ಕಾನೂನು ಪಾಲಿಸಿ ಮರ ಮಾರುವವರಿಗೆ ಇದರಿಂದ ನಷ್ಟವೂ ಇಲ್ಲ. ಈಗ ಅವರು ಕಳ್ಳಮಾಲಿನ ಅಗ್ಗದ ದರದ ಜೊತೆ ಹೋರಾಡಿ ಸೋಲುತ್ತಿದ್ದಾರೆ.

ಬಜೆಟ್ಟು, ಒಪ್ಪಂದ ಎಲ್ಲ ಆಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ನಾಳೆಯಿಂದಲೇ ಶುರು ಮಾಡಬಹುದಾದ ಒಂದು ಕೆಲಸವಿದೆ. ತಪಾಸಣೆಗೆ ನಿಲ್ಲಿಸಿದ ಪ್ರತಿ ಮಾಲಿನಿಂದ ಅಂಗೈ ಅಗಲದ ಒಂದು ತುಂಡು, ಚೇಗಿನ ಭಾಗದ್ದು, ಕತ್ತರಿಸಿಕೊಳ್ಳಿ. ಕಾಗದದಲ್ಲಿ ಬರೆದ ಜಾತಿ, ಜಾಗ, ದಿನಾಂಕ, ಆಮದುದಾರನ ಹೆಸರು ಬರೆದು ಸೀಲ್ ಹಾಕಿ ಒಣಜಾಗದಲ್ಲಿ ಎತ್ತಿಡಿ. ಕರಗಿ ಹೋಗುವ ಮಾಲು ಅಲ್ಲ ಅದು, ಒಳಗಿನ ಲೆಕ್ಕ ಹತ್ತು ವರ್ಷ ಬಿಟ್ಟರೂ ಹಾಗೇ ಇರುತ್ತದೆ. ಮಾದರಿ ಸಂಗ್ರಹ ಬೆಳೆದಂತೆಲ್ಲ ಹಳೆಯ ತುಂಡುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಬಹುದು. ಹೀಗೆ ಎತ್ತಿಟ್ಟಿದ್ದೀರಿ ಎನ್ನುವುದನ್ನು ಆಮದುದಾರರಿಗೆ ಇವತ್ತೇ ಬರೆದು ತಿಳಿಸಿ.

ಇತಿ,
ಮರದ ವಿಷಯವನ್ನು ಹಿಂಬಾಲಿಸುತ್ತಿರುವ ಒಬ್ಬ ನಾಗರಿಕ